ರೀ, ಗಿವ್ ಮಿ ಎ ಹ್ಯಾಂಡ್

ಆ ಮಧ್ಯಾಹ್ನ ಪಂಚಶೀಲಾಗೆ ಮೊದಲು ಸಿಟ್ಟು ಬಂದದ್ದು ಲಂಡನ್ನಿನ ಮೇಲೆ, ಆಮೇಲೆ ತನ್ನ ವಿದ್ಯಾರ್ಥಿಗಳ ಮೇಲೆ, ಕೊನೆಗೆ ಎದುರಿಗೆ ಸುಮ್ಮನೆ ಕೂತು ಚಹಾ ಆರಿಸಿಕೊಳ್ಳುತ್ತಿದ್ದ ಬುದ್ಧಪ್ರಿಯನ ಮೇಲೆ.

ಲಂಡನ್ನಿನ ಮೇಲೆ ಯಾಕೆಂದರೆ, ಇಂಗ್ಲಿಷ್ ಕೇಳಿ ತಿಳಿಯುವ ಅಭ್ಯಾಸಕ್ಕೆಂದು ಕಾಲೇಜಿನವರು ತರಿಸಿದ್ದ ಆಡಿಯೊದಲ್ಲಿ ಅಲ್ಲಿಯ ಒಬ್ಬ ಜಾನ್, ಒಬ್ಬಳು ಮಾರ್ಗರೆಟ್ ಬಾಯಿತುಂಬ ಎಲೆ ಅಡಿಕೆ ಇಟ್ಟುಕೊಂಡವರಂತೆ ಮಾತಾಡುತ್ತಿದ್ದರು. ವಿದ್ಯಾರ್ಥಿಗಳ ಮೇಲೆ ಯಾಕೆಂದರೆ, ಅದನ್ನು ಕೇಳಿ ಅವರು ಬರೆದ ಉತ್ತರಗಳು ಅವಳ ಮುಂದೆ ರಾಶಿ ಬಿದ್ದಿದ್ದವು. ಬುದ್ಧಪ್ರಿಯನ ಮೇಲೆ ಯಾಕೆಂದರೆ, ಅವನು ನಗುತ್ತಿದ್ದ.

"ನಗಬ್ಯಾಡ್ರಿ ಸರ್. ಇದನ್ನ ಕೇಳ್ರಿ. 'ಕುಡ್ ಯು ಗಿವ್ ಮಿ ಎ ಹ್ಯಾಂಡ್' ಅಂತ ಮಾರ್ಗರೆಟ್ ಕೇಳ್ತಾಳ. ಅಂದ್ರ ಏನು? ಜರಾ ಸಹಾಯ ಮಾಡ್ತೀಯಾ ಅಂತ. ಬೋರ್ಡ್ ಮ್ಯಾಲೆ ಬರ್ದು ಕಲಿಸೀನಿ. ಇವ್ರು ಏನ್ ಬರ್ದಾರ ನೋಡ್ರಿ. 'ಮಾರ್ಗರೆಟ್ ಜಾನ್‌ಗ ನನಗ ಕೈ ಕೊಡು ಅಂತಾಳ. ಆಕಿಗೆ ಬ್ಯಾರೆ ಕಡೆ ಲಗ್ನ ಗೊತ್ತಾಗಿರಬೇಕು.'"

"ಬರೋಬ್ಬರಿ ಬರ್ದಾರಲ್ರಿ ಮೇಡಂ."

"ಏನ್ ಬರೋಬ್ಬರಿ?"

"ಕನ್ನಡ." ಬುದ್ಧಪ್ರಿಯ ಆ ಕಾಲೇಜಿನ ಕನ್ನಡ ಉಪನ್ಯಾಸಕ. ಕಪ್ಪನ್ನು ಕೆಳಗಿಟ್ಟು ಪಾಠದ ದನಿಯಲ್ಲೇ ಹೇಳಿದ. "ಮಳಿ ಕೈ ಕೊಡ್ತು, ಕರೆಂಟ್ ಕೈ ಕೊಡ್ತು, ಅಂವ ಆಕಿಗೆ ಕೈ ಕೊಟ್ಟ. ನಮ್ಮ ಕಡೆ ಕೈ ಕೊಟ್ಟೋರು ಯಾರೂ ಸಹಾಯ ಮಾಡಿಲ್ರಿ. ಸಹಾಯ ಮಾಡೋರು ಕೈ ಹಿಡೀತಾರ."

ಪಂಚಶೀಲಾ ಅವನನ್ನೇ ನೋಡಿದಳು. ಸ್ಟಾಫ್ ರೂಮಿನ ಕಿಟಕಿಯಾಚೆ, ಶಹಾಪುರದ ಬೆಟ್ಟಸಾಲಿನ ಆಕಾರದಲ್ಲಿ ಬುದ್ಧ ಎಂದಿನಂತೆ ಅಂಗಾತ ಮಲಗಿದ್ದ. ಕಿಟಕಿಯೊಳಗೆ ಈ ಬುದ್ಧ. ಬೆಟ್ಟದವನಾದರೂ ಒಂದು ದಿನ ಎದ್ದಾನು, ಇವನನ್ನು ಎಬ್ಬಿಸುವುದು ಯಾರಿಂದಲೂ ಆಗದು ಎಂದು ಅವಳಿಗೆ ದಿನಕ್ಕೆ ಒಂದು ಸಲವಾದರೂ ಅನ್ನಿಸುತ್ತಿತ್ತು.

ಅವಳ ಚಿಂತೆ ಅವಳಿಗಿತ್ತು. ಪ್ರಿನ್ಸಿಪಾಲ್ ಖಂಡಪ್ಪನವರು ಬೆಳಿಗ್ಗೆಯೇ ಕರೆದು ಹೇಳಿದ್ದರು: "ಮುಂದಿನ ಟೆಸ್ಟಿನ್ಯಾಗ ಅರ್ಧ ಕ್ಲಾಸರೆ ಪಾಸಾಗಬೇಕ್ರಿ ಮೇಡಂ. ಇಲ್ಲಾಂದ್ರ ಮ್ಯಾನೇಜ್‌ಮೆಂಟಿನೋರು ಈ ಇಂಗ್ಲಿಷ್ ಕೋರ್ಸ್ ಬಂದ್ ಮಾಡ್ತಾರ." ಕೋರ್ಸ್ ಬಂದ್ ಆದರೆ ಅತಿಥಿ ಉಪನ್ಯಾಸಕಿಯಾದ ತಾನೂ ಬಂದ್. ಶಹಾಪುರದ ಬಾಡಿಗೆ ಕೋಣೆ ಖಾಲಿ ಮಾಡಿ ಸುರಪುರದ ಮನೆಗೆ ಹೋಗಬೇಕು. ಅಲ್ಲಿ ಅವ್ವ ಮರಿಲಿಂಗಮ್ಮ ಯಾದಗಿರಿಯ ಒಂದು ಸಂಬಂಧವನ್ನು ತುದಿಗಾಲಲ್ಲಿ ನಿಲ್ಲಿಸಿಕೊಂಡಿದ್ದಳು. ನೌಕರಿ ಇದೆ, ಮಕ್ಕಳ ಟೆಸ್ಟ್ ಇದೆ ಎಂದು ಪಂಚಶೀಲಾ ಇಷ್ಟು ದಿನ ತಳ್ಳುತ್ತ ಬಂದಿದ್ದಳು. ತಳ್ಳಲು ಇನ್ನೊಂದು ಕಾರಣವೂ ಇತ್ತು. ಆ ಕಾರಣ ಎದುರಿಗೆ ಕೂತು ಆರಿದ ಚಹಾದ ಕೆನೆ ತೆಗೆಯುತ್ತಿತ್ತು.

"ಆ ಜಾನ್ ಮಾರ್ಗರೆಟ್‌ನ ಬಿಡ್ರಿ ಮೇಡಂ," ಅಂದ ಅವನು. "ಅವ್ರು ನಮ್ಮ ಹುಡುಗ್ರಿಗೆ ತಿಳಿಯಂಗಿಲ್ಲ. ಮಾತು ನೀವು ಬರೀರಿ. ನಾವೇ ಮಾತಾಡಿ ರೆಕಾರ್ಡ್ ಮಾಡೂಣು."

"ನಾವು ಅಂದ್ರ ಯಾರ್ಯಾರು?"

"ನೀವು ಮಾರ್ಗರೆಟ್. ಜಾನ್ ಎಲ್ಲಿ ಸಿಗ್ತಾನ ಅಂತ ಚಿಂತಿ ಮಾಡಬ್ಯಾಡ್ರಿ, ನನಗ ಮೂರನೇ ಪಿರಿಯಡ್ ಖಾಲಿ ಅದ."

ಕಾಲೇಜಿನ ಎಲ್ಲ ಕಾರ್ಯಕ್ರಮಗಳನ್ನೂ ನಿರೂಪಿಸುವವನು ಅವನೇ. ಮೈಕು ಕೈಕೊಟ್ಟರೂ ಮೈದಾನದ ತುದಿಯವರೆಗೆ ಕೇಳುವ ದನಿ. ಆ ದನಿಯಲ್ಲಿ ಇಂಗ್ಲಿಷ್ ಹೇಗೆ ಬಂದೀತು ಎಂಬುದು ಬೇರೆ ಮಾತು. ಪಂಚಶೀಲಾ ಹೂಂ ಅಂದಳು, ಅಂದ ಮರುದಿನದಿಂದಲೇ ಪಶ್ಚಾತ್ತಾಪ ಪಟ್ಟಳು.

ಲ್ಯಾಬ್ ಎಂದು ಕರೆಯುವ ಹಳೆಯ ಸ್ಟೋರ್ ರೂಮಿನಲ್ಲಿ ರೆಕಾರ್ಡಿಂಗ್ ಶುರುವಾಯಿತು. ಹೊರಗೆ ಬಸ್‌ಸ್ಟ್ಯಾಂಡಿನ ರಸ್ತೆ. ಮೊದಲ ದಿನ "ಎಕ್ಸ್‌ಕ್ಯೂಸ್ ಮಿ, ವಾಟ್ ವುಡ್ ಯು ಲೈಕ್ ಟು ಬೈ?" ಎಂದು ಪಂಚಶೀಲಾ ಕೇಳಿದ ತಕ್ಷಣ ಈರುಳ್ಳಿ ತಳ್ಳುಗಾಡಿಯವನ ಧ್ವನಿವರ್ಧಕ "ಉಳ್ಳಾಗಡ್ಡಿ, ಉಳ್ಳಾಗಡ್ಡಿ" ಎಂದು ಉತ್ತರ ಕೊಟ್ಟಿತು. ಮರುದಿನ ಬುದ್ಧಪ್ರಿಯ ಮನೆಯಿಂದ ತಾಯಿ ಹೊಲಿದ ಎರಡು ಕೌದಿ ಹೊತ್ತು ತಂದ. ಕಿಟಕಿಗೆ ಒಂದು, ಬಾಗಿಲಿಗೆ ಒಂದು ಕಟ್ಟಿದರು. ಕೆಂಪು, ಹಸಿರು, ಹಳದಿ ಬಟ್ಟೆ ತುಂಡುಗಳ ಆ ದಪ್ಪ ಕೌದಿಗಳು ಊರಿನ ಸದ್ದನ್ನೆಲ್ಲ ಹೊರಗೆ ನಿಲ್ಲಿಸಿದವು. ಫ್ಯಾನಿನ ಸದ್ದೂ ಬರಬಾರದಲ್ಲ, ಅದನ್ನೂ ನಿಲ್ಲಿಸಿದರು. ಉಳಿದದ್ದು ಸೆಕೆ, ಇಬ್ಬರ ನಡುವೆ ಒಂದು ಫೋನು, ಮತ್ತು ಬುದ್ಧಪ್ರಿಯನ ಸಂಶಯಗಳು.

"ಇಲ್ಲಿ 'ಐಯಾಮ್ ಅಂಡರ್ ದ ವೆದರ್' ಅಂತ ಬರ್ದೀರಿ."

"ಮೈಯಾಗ ಹುಷಾರಿಲ್ಲ ಅಂತ ಅರ್ಥ."

"ಹವಾಮಾನದ ಕೆಳಗ ಎಲ್ಲಾರೂ ಇರ್ತೀವಲ್ರಿ. ಹಂಗಾದ್ರ ಎಲ್ಲಾರಿಗೂ ಹುಷಾರಿಲ್ಲೇನು?"

"ಸರ್, ಓದ್ರಿ."

"ಇದು, 'ಹೋಲ್ಡ್ ಯುವರ್ ಹಾರ್ಸಸ್.' ಕುದುರಿ ಎಲ್ಲಿಂದ ಬಂದ್ವು?"

"ಜರಾ ತಡಿ ಅಂತ ಅರ್ಥ. ಕುದುರಿ ಇಲ್ಲ ಅಲ್ಲಿ."

"ಇಲ್ಲದ ಕುದುರಿ ಹಿಡಿ ಅಂದ್ರ ಹ್ಯಾಂಗ್ರಿ."

ಅವನ ಮುಖದಲ್ಲಿ ನಗುವಿನ ಸುಳಿವೇ ಇರುತ್ತಿರಲಿಲ್ಲ. ಕಣ್ಣಿನ ಮೂಲೆಯಲ್ಲಿ ಮಾತ್ರ ಏನೋ ಒಂದು ಅವಳು ನೋಡುವ ಮೊದಲೇ ಅಡಗಿಕೊಳ್ಳುತ್ತಿತ್ತು. ಅದನ್ನು ಹಿಡಿಯಲೆಂದೇ ಅವಳು ಮತ್ತೆ ಮತ್ತೆ ನೋಡುತ್ತಿದ್ದಳು. ಹಾಗೆ ನೋಡುತ್ತಿದ್ದೇನೆಂದು ಗೊತ್ತಾದಾಗ ತನ್ನ ಮೇಲೇ ಸಿಟ್ಟು ಬರುತ್ತಿತ್ತು.

ಎಲ್ಲಕ್ಕಿಂತ ದೊಡ್ಡ ತೊಂದರೆ ಎಂದರೆ ಅವನ ಇಂಗ್ಲಿಷಿಗೆ ಬಾಲ ಇತ್ತು. ಥ್ಯಾಂಕ್ಯೂರಿ ಅನ್ನುತ್ತಿದ್ದ. ಸಾರಿರಿ ಅನ್ನುತ್ತಿದ್ದ. "ಶೂರ್, ವೈ ನಾಟ್" ಎಂದು ಓದಬೇಕಾದಲ್ಲಿ "ಶೂರ್ ರಿ, ವೈ ನಾಟ್ ರಿ" ಎಂದು ಬರುತ್ತಿತ್ತು.

"ಇಂಗ್ಲಿಷಿನ್ಯಾಗ 'ರಿ' ಇಲ್ಲ ಸರ್. ಎಷ್ಟು ಸರ್ತಿ ಹೇಳ್ಲಿ?"

"ಇಲ್ಲಂದ್ರ ಮರ್ಯಾದಿ ಎಲ್ಲಿಡ್ತಾರ್ರಿ ಅವ್ರು?"

"ದನಿಯಾಗ ಇಡ್ತಾರ. ಮಾತು ಒಂದೇ ಇರ್ತದ, ದನಿಯಾಗ ಎಲ್ಲಾ ಇರ್ತದ. ನಾ ಕ್ಲಾಸಿನ್ಯಾಗ ದಿನಾ ಅದನ್ನ ಹೇಳ್ತೀನಿ, ಮಾತು ಕೇಳಬ್ಯಾಡ್ರಿ, ದನಿ ಕೇಳ್ರಿ ಅಂತ."

ಬುದ್ಧಪ್ರಿಯ ತಲೆಯಾಡಿಸಿದ. ಮುಂದಿನ ಸಾಲಿನಲ್ಲಿ "ವೆರಿ ವೆಲ್" ಎಂಬುದನ್ನು ಬೆರಿ ಬೆಲ್ ಎಂದು ಓದಿದ. ಪಂಚಶೀಲಾ ತಾಳ್ಮೆ ಕಳೆದುಕೊಂಡು, ವಿದ್ಯಾರ್ಥಿಗಳಿಗೆ ಹೇಳುವಂತೆಯೇ, "ನನ್ನ ತುಟಿ ನೋಡ್ರಿ" ಅಂದಳು.

ಅವನು ನೋಡಿದ. ಹೇಳಿದ ಕೆಲಸವನ್ನು ಶ್ರದ್ಧೆಯಿಂದ ಮಾಡುವ ಮನುಷ್ಯ. ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು, ಕಣ್ಣು ಮಿಟುಕಿಸದೆ ಅವಳ ತುಟಿಯನ್ನು ಈ ತನಕ ಯಾರೂ ನೋಡಿರಲಿಲ್ಲ. ಯಾವ ಶಬ್ದ ಹೇಳಿಕೊಡಲು ಹೊರಟಿದ್ದೆ ಎಂಬುದು ಅವಳಿಗೆ ಮರೆತುಹೋಯಿತು.

"ಬೆರಿ ಬೆಲ್ಲೇ ಇರ್ಲಿ ಬಿಡ್ರಿ," ಅಂದಳು.

ಹೆಸರಿನದ್ದು ಇನ್ನೊಂದು ಜಗಳ. ಜಾನ್, ಮಾರ್ಗರೆಟ್ ಬೇಡ, ನಮ್ಮ ಹೆಸರುಗಳೇ ಇರಲಿ, ಮಕ್ಕಳಿಗೆ ಗೊತ್ತಿರುತ್ತವೆ ಎಂದವನು ಅವನೇ. ಇಂಗ್ಲಿಷಿನಲ್ಲಿ ಸಹೋದ್ಯೋಗಿಗಳು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುತ್ತಾರೆ, ಅದೂ ಪಾಠವೇ. ಪಂಚಶೀಲಾ ಒಪ್ಪಿದಳು. ಅವ್ವನ ಹಾಗೆ ತಾನಲ್ಲವಲ್ಲ. ಒಮ್ಮೆ ಸುರಪುರದ ಆಧಾರ್ ಕೇಂದ್ರದಲ್ಲಿ ಗಂಡನ ಹೆಸರೇನು ಎಂದು ಕೇಳಿದಾಗ ಮರಿಲಿಂಗಮ್ಮ ನಾಚಿ, ಸೆರಗು ಬಾಯಿಗೆ ಹಿಡಿದು, ಮಗಳನ್ನು ಮುಂದೆ ನೂಕಿದ್ದಳು. "ಅಂಬ್ರಪ್ಪ" ಎಂದು ಮಗಳೇ ಹೇಳಬೇಕಾಯಿತು. ಅವತ್ತು ಪಂಚಶೀಲಾ ಹೊಟ್ಟೆ ಹಿಡಿದು ನಕ್ಕಿದ್ದಳು, ನಾನು ನನ್ನ ಗಂಡನನ್ನು ಹೆಸರು ಹಿಡಿದೇ ಕೂಗುತ್ತೇನೆ ಎಂದು ಸಾರಿದ್ದಳು.

ಈಗ ನೋಡಿದರೆ ಗಂಡನೂ ಅಲ್ಲದ, ಏನೂ ಅಲ್ಲದ ಈ ಮನುಷ್ಯನ ಹೆಸರು ನಾಲಿಗೆಯ ಮೇಲೆ ನಿಲ್ಲುತ್ತಿರಲಿಲ್ಲ. ಕಾಗದದಲ್ಲಿ "ಬುದ್ಧಪ್ರಿಯ" ಎಂದಷ್ಟೇ ಇತ್ತು. ಅವಳ ಬಾಯಿಂದ "ಬುದ್ಧಪ್ರಿಯ ಸರ್" ಎಂದೇ ಬರುತ್ತಿತ್ತು. ಸರ್ ಬಿಟ್ಟು ಹೇಳಲು ಹೋದರೆ ಕೆಮ್ಮು ಬರುತ್ತಿತ್ತು.

"ಇಂಗ್ಲಿಷಿನ್ಯಾಗ 'ಸರ್' ಇಲ್ರಿ ಮೇಡಂ, ನೀವೇ ಬರ್ದದ್ದು," ಎಂದು ಬುದ್ಧಪ್ರಿಯ ಮೆಲ್ಲಗೆ ನೆನಪಿಸುತ್ತಿದ್ದ. ಆ ಮೆಲುದನಿಗೆ ಕಾಗದ ಹರಿದು ಅವನ ತಲೆಯ ಮೇಲೆ ಹಾಕಬೇಕು ಅನ್ನಿಸುತ್ತಿತ್ತು.

ಹೀಗೆ ಆರು ಸಂಭಾಷಣೆಗಳು ಮುಗಿದು ಏಳನೆಯದಕ್ಕೆ ಬಂದರು. ಒಂದೇ ಆಫೀಸಿನ ಇಬ್ಬರು ನೌಕರರು. ಹೆಣ್ಣು ಟೇಬಲ್ ಸರಿಸಬೇಕು, ಗಂಡು ಚಹಾ ಕುಡಿಯುತ್ತ ಕೂತಿದ್ದಾನೆ. ಇಷ್ಟೇ. ಬರೆಯುವಾಗ ಚಹಾ ಯಾಕೆ ಬಂತು ಎಂದು ಪಂಚಶೀಲಾ ಯೋಚಿಸಿರಲಿಲ್ಲ.

ಮೊದಲ ಸಲ ಬಸ್ಸಿನ ಹಾರ್ನು ಕೌದಿಯನ್ನೂ ದಾಟಿ ಬಂತು. ಎರಡನೆಯ ಸಲ ಅವನ "ರಿ" ಬಂತು. ಮತ್ತೊಂದು ಸಲ ಅವಳ ಕೆಮ್ಮು. ಬೆವರು ಇಳಿದು ಕಾಗದದ ಅಕ್ಷರ ಒದ್ದೆಯಾಗಿತ್ತು. ಮುಂದಿನ ಪಿರಿಯಡ್ಡಿನ ಗಂಟೆ ಇನ್ನೇನು ಹೊಡೆಯುವುದರಲ್ಲಿತ್ತು. ಬುದ್ಧಪ್ರಿಯ ಮಾತ್ರ ನಿಜವಾದ ಚಹಾ ಒಂದನ್ನು ಪಕ್ಕದಲ್ಲಿಟ್ಟುಕೊಂಡು, ಎಲ್ಲ ಸಮಯವೂ ತನ್ನದೇ ಎನ್ನುವಂತೆ ಕೂತಿದ್ದ. ಅವಳು ಫೋನಿನ ಕೆಂಪು ಗುಂಡಿ ಒತ್ತಿದಳು, ಅವನನ್ನು ನೋಡಿದಳು, ಇಷ್ಟು ದಿನದ ಬೇಸರವೆಲ್ಲ ಒಂದೇ ಉಸಿರಿಗೆ ಹೊರಗೆ ಬಂತು.

"ರೀ, ಕುಡ್ ಯು ಗಿವ್ ಮಿ ಎ ಹ್ಯಾಂಡ್ ವಿತ್ ದಿಸ್ ಟೇಬಲ್?"

ಬುದ್ಧಪ್ರಿಯ ತಲೆಯೆತ್ತಿದ. ಆಮೇಲೆ, ಒಂದು ಬಾಲವೂ ಇಲ್ಲದೆ, "ಹೋಲ್ಡ್ ಯುವರ್ ಹಾರ್ಸಸ್. ಲೆಟ್ ಮಿ ಫಿನಿಶ್ ಮೈ ಟೀ" ಅಂದ.

"ಯುವರ್ ಟೀ ಈಸ್ ಕೋಲ್ಡ್. ಕಮ್, ಐ ವಿಲ್ ಗೆಟ್ ಯು ಅನದರ್ ಕಪ್."

"ಓಕೆ, ಓಕೆ. ಐಯಾಮ್ ಕಮಿಂಗ್."

ಗಂಟೆ ಹೊಡೆಯಿತು. ಪಂಚಶೀಲಾ ಗುಂಡಿ ಒತ್ತಿ ನಿಲ್ಲಿಸಿದಳು. ಅವಳ ಕಿವಿ ಬಿಸಿಯಾಗಿತ್ತು. "ಹೆಸರು ಬಿಟ್ಟೆ. ಇನ್ನೊಮ್ಮೆ ಮಾಡೂಣು."

"ಬ್ಯಾಡ್ರಿ," ಅಂದ ಅವನು. "ಇದಕ್ಕಿಂತ ಛಲೋ ಬರಂಗಿಲ್ಲ."

ಅಷ್ಟೇ. ಒಂದು ಚೇಷ್ಟೆ ಮಾಡಿದ್ದರೂ ಅವಳು ಸಿಟ್ಟಾಗಿ ಹಗುರಾಗುತ್ತಿದ್ದಳು. ಅವನು ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಕ್ಲಾಸಿಗೆ ಹೋದ.

ಟೆಸ್ಟಿನ ಹಿಂದಿನ ದಿನ ಸುರಪುರದಿಂದ ಫೋನ್ ಬಂತು. ಯಾದಗಿರಿಯವರು ಭಾನುವಾರ ನೋಡಲು ಬರುತ್ತಾರಂತೆ. "ಬರಂಗಿಲ್ಲ ಅಂದ್ರ ಯಾಕ ಅಂತ ಹೇಳು," ಅಂದಳು ಮರಿಲಿಂಗಮ್ಮ. "ನೌಕರಿ ಅದ ಅನಬ್ಯಾಡ. ಆ ನೌಕರಿ ಇರ್ತದೋ ಇಲ್ಲೋ ಅಂತ ನೀನೇ ಅಂತಿದ್ದಿ."

ಪಂಚಶೀಲಾ ಆ ಮಾತನ್ನು ಬೇಕೆಂದೇ ಸ್ಟಾಫ್ ರೂಮಿನಲ್ಲಿ ಹೇಳಿದಳು. ಯಾರಿಗೆ ಕೇಳಬೇಕೋ ಅವನಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.

"ಕೋರ್ಸ್ ಬಂದ್ ಆದ್ರ ನಾ ಸುರಪುರಕ್ಕ ಹೋಗ್ತೀನಿ ಸರ್. ಐತವಾರ ನನ್ನ ನೋಡಾಕ ಬರಾಕತ್ತಾರ."

ಬುದ್ಧಪ್ರಿಯ ಕೈಯಲ್ಲಿದ್ದ ಪುಸ್ತಕ ಮುಚ್ಚಿದ, ಮತ್ತೆ ತೆರೆದ. ಕೊನೆಗೆ, "ಸುರಪುರ ದೂರೇನಲ್ಲ ಬಿಡ್ರಿ. ಬಸ್ ಸಿಕ್ರ ತಾಸಿನೊಳಗ ಹೋಗ್ತೀರಿ" ಅಂದ.

ಆ ಸಂಜೆ ಕೋಣೆಗೆ ಹೋಗಿ ಪಂಚಶೀಲಾ ಅಳಲಿಲ್ಲ. ರೊಟ್ಟಿ ಬಡಿದಳು. ಪಕ್ಕದ ಕೋಣೆಯವರು ಬಾಗಿಲು ತಟ್ಟಿ ಏನಾಯಿತು ಎಂದು ಕೇಳುವಷ್ಟು ಜೋರಾಗಿ ಬಡಿದಳು.

ಟೆಸ್ಟು ನಡೆಯಿತು. ಕೌದಿ ಕಟ್ಟಿದ ಕೋಣೆಯಿಂದ ಹುಟ್ಟಿದ ಮಾತುಗಳು ಕ್ಲಾಸಿನ ಸ್ಪೀಕರಿನಲ್ಲಿ ಕೇಳಿದವು. ಈ ಸಲ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಲಿಲ್ಲ, ತಲೆ ತಗ್ಗಿಸಿ ಬರೆದರು. ಅಂಡರ್ ದ ವೆದರ್ ಬರೆದರು. ಕುದುರೆಯಿಲ್ಲದ ಕುದುರೆಯ ಮಾತು ಬರೆದರು. ಗಿವ್ ಮಿ ಎ ಹ್ಯಾಂಡ್ ಎಂದರೆ ಸಹಾಯ ಮಾಡು ಎಂದು ಹಿಂದಿನ ಸಾಲಿನವರೂ ಬರೆದರು. ತಿದ್ದುತ್ತ ತಿದ್ದುತ್ತ ಪಂಚಶೀಲಾ ಕುರ್ಚಿಯಲ್ಲಿ ನೆಟ್ಟಗಾದಳು.

ಆಮೇಲೆ ಏಳನೆಯ ಸಂಭಾಷಣೆಯ ಕೊನೆಯ ಪ್ರಶ್ನೆ ಬಂತು. ಮಾತಾಡುತ್ತಿರುವ ಇಬ್ಬರ ಸಂಬಂಧ ಏನು? ಅಂಗಡಿಯವನು ಮತ್ತು ಗಿರಾಕಿ, ಸಹೋದ್ಯೋಗಿಗಳು, ಗಂಡ ಹೆಂಡತಿ. ಸರಿಯಾದದ್ದಕ್ಕೆ ಗುರುತು ಹಾಕಿ.

ಮೊದಲನೆಯ ಹುಡುಗಿ ಗಂಡ ಹೆಂಡತಿ ಎಂದು ಹಾಕಿದ್ದಳು. ಪಂಚಶೀಲಾ ಕೆಂಪು ಪೆನ್ನಿನಿಂದ ಅಡ್ಡ ಗೀಟು ಎಳೆದಳು. ಎರಡನೆಯವನೂ ಅದೇ, ಮುಂದಿನವರೂ ಅದೇ. ಕಾಪಿ ಹೊಡೆದಿದ್ದಾರೆ ಅಂದುಕೊಂಡಳು. ಆದರೆ ಈ ಗೋಡೆಗೆ ಕೂತವರೂ ಆ ಗೋಡೆಗೆ ಕೂತವರೂ ಒಂದೇ ಹಾಕಿದ್ದರು. ಇಡೀ ಕ್ಲಾಸಿನಲ್ಲಿ ಒಬ್ಬರೂ ಸಹೋದ್ಯೋಗಿಗಳು ಎಂದು ಹಾಕಿರಲಿಲ್ಲ. ಅಂಕ ಕೂಡಿಸಿ ನೋಡಿದರೆ ಪಾಸಾದವರು ಅರ್ಧಕ್ಕೆ ಸ್ವಲ್ಪ ಕಡಿಮೆ. ಉಳಿದವರಲ್ಲಿ ಬಹಳ ಜನ ಒಂದೇ ಒಂದು ಅಂಕದಿಂದ ಹೊರಗೆ ನಿಂತಿದ್ದರು, ಆ ಪ್ರಶ್ನೆಯ ಅಂಕದಿಂದ.

ಮರುದಿನ ಕ್ಲಾಸಿಗೆ ಹೋದವಳೇ ಕೇಳಿದಳು. "ಇಬ್ರೂ ಒಂದೇ ಆಫೀಸಿನ್ಯಾಗ ಕೆಲಸ ಮಾಡ್ತಾರ ಅಂತ ಆಡಿಯೊ ಶುರುವಿಗೇ ಹೇಳೀನಿ. ಕಿವಿ ಎಲ್ಲಿಟ್ಟಿದ್ರಿ?"

ಮುಂದಿನ ಬೆಂಚಿನ ಶಾಯಿಸ್ತಾ ಎದ್ದು ನಿಂತಳು. ಕ್ಲಾಸಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಓದುವ ಹುಡುಗಿ. "ಒಂದೇ ಆಫೀಸಿನ್ಯಾಗ ಗಂಡ ಹೆಂಡ್ತಿ ಇರಬಾರ್ದೇನ್ರಿ ಮೇಡಂ?"

"ಗಂಡ ಹೆಂಡ್ತಿ ಅಂತ ಯಾರ್ ಹೇಳ್ಯಾರ?"

"ನೀವು 'ರೀ' ಅಂದ್ರಿ. ಹೆಸರು ತಗೊಳ್ಳಿಲ್ಲ. ನಮ್ಮ ಅಮ್ಮೀನೂ ಅಬ್ಬಾನ ಹೆಸರು ತಗೊಳ್ಳಂಗಿಲ್ರಿ, 'ಅಜೀ' ಅಂತಾಳ."

"ರೀ ಅಂತ ಬಸ್ ಕಂಡಕ್ಟರ್‌ಗೂ ಅಂತೀವಿ."

"ಕಂಡಕ್ಟರ್‌ಗ ಹಂಗ ಅನ್ನಂಗಿಲ್ರಿ."

"ಹ್ಯಾಂಗ?"

"ನೀವು ಅಂದಂಗ." ಶಾಯಿಸ್ತಾ ಬಹಳ ವಿನಯದಿಂದ ಹೇಳಿದಳು. "ಸಿಟ್ಟು ಮಾಡಿದ್ರಿ. ಆದ್ರ ಚಾ ಆರ್ಯದ, ಬ್ಯಾರೆ ತರ್ತೀನಿ ಅಂದ್ರಿ. ಬ್ಯಾರೆಯವ್ರು ಆಗಿದ್ರ ಸಿಟ್ಟರೆ ಮಾಡ್ತಿದ್ರಿ, ಇಲ್ಲಾ ಚಾ ಅರೆ ಕೊಡ್ತಿದ್ರಿ. ಎರಡೂ ಕೂಡಿ ಮನ್ಯಾಗಷ್ಟೇ ಆಗ್ತದ್ರಿ. ಮಾತು ಕೇಳಬ್ಯಾಡ್ರಿ, ದನಿ ಕೇಳ್ರಿ ಅಂತ ನೀವೇ ಕಲಿಸೀರಿ. ನಾವು ದನಿ ಕೇಳಿದ್ವಿ."

ಯಾರೂ ನಗಲಿಲ್ಲ. ನಕ್ಕಿದ್ದರೆ ಬೈಯಬಹುದಿತ್ತು. ಎಲ್ಲರೂ ಮುಗ್ಧವಾಗಿ, ಅಂಕ ಬರುತ್ತದೋ ಇಲ್ಲವೋ ಎಂಬ ಒಂದೇ ಕಾಳಜಿಯಿಂದ ಅವಳನ್ನು ನೋಡುತ್ತಿದ್ದರು.

ಪಂಚಶೀಲಾ ಲ್ಯಾಬಿಗೆ ಬಂದು ಬಾಗಿಲ ಕೌದಿ ಸರಿಸಿ ಒಳಗೆ ಕೂತಳು. ಒಬ್ಬಳೇ ಏಳನೆಯ ಸಂಭಾಷಣೆಯನ್ನು ಹಚ್ಚಿ ಕೇಳಿದಳು. ತನ್ನ ದನಿಯನ್ನು ಹೊರಗಿನವಳಾಗಿ ಮೊದಲ ಸಲ ಕೇಳಿದಳು. ಹುಡುಗರು ಕೇಳಿದ್ದು ಸರಿ. ಆ "ರೀ" ಒಳಗೆ ಅವ್ವ ಇದ್ದಳು. ಅವಳು ಒಂದು ದಿನವೂ ಹೆಸರು ಹೇಳದ, ಒಂದು ದಿನವೂ ಬಿಟ್ಟುಕೊಡದ ಅಪ್ಪ ಇದ್ದ. ಸುಳ್ಳು ಹೇಳಿದ್ದು ಕಾಗದ, ದನಿ ಸುಳ್ಳು ಹೇಳಿರಲಿಲ್ಲ. ಈಗ ಆ ಉತ್ತರ ತಪ್ಪು ಎಂದು ಅಂಕ ಕೊಡದಿದ್ದರೆ ಮಕ್ಕಳಿಗೆ ಮೋಸ. ಸರಿ ಎಂದರೆ ಪ್ರಿನ್ಸಿಪಾಲರ ಮುಂದೆ ನಿಂತು ಯಾಕೆ ಸರಿ ಎಂದು ಹೇಳಬೇಕು. ಯಾರ ಮುಂದೆ ಹೇಳುವುದು, ಏನೆಂದು ಹೇಳುವುದು, ಕೇಳಬೇಕಾದವನಿಗೇ ಕೇಳಿಸದ ಮೇಲೆ.

ಕೌದಿ ಸರಿಯಿತು. ಕೇಳಬೇಕಾದವನೇ ಬಂದು ನಿಂತಿದ್ದ, ಕೈಯಲ್ಲಿ ಎರಡು ಕಪ್ ಚಹಾ.

"ಶಾಯಿಸ್ತಾ ಹೇಳಿದ್ಳು," ಅಂದ ಬುದ್ಧಪ್ರಿಯ.

"ನಿಮಗೂ ಹೇಳಿದ್ಳಾ. ಊರಿಗೆಲ್ಲಾ ಹೇಳ್ಯಾಳೇನು?"

"ಕೀ ಆನ್ಸರ್ ತಪ್ಪು ಅದ ಅಂದ್ಳು. ಕನ್ನಡ ಸರ್ ಅರೆ ಮೇಡಂಗ ತಿಳಿಸಿ ಹೇಳ್ರಿ ಅಂದ್ಳು." ಅವನು ಚಹಾ ಮೇಜಿನ ಮೇಲಿಟ್ಟ. "ಅಷ್ಟು ಹುಡುಗ್ರನ್ನ ತಿದ್ದೂದಕ್ಕಿಂತ ಒಂದು ಕೀ ತಿದ್ದೂದು ಹಗುರಲ್ರಿ ಮೇಡಂ."

"ಸುಳ್ಳು ಕೀ ಬರಿಯಾಕ ನನ್ನ ಕೈಲೆ ಆಗಂಗಿಲ್ಲ."

"ಸುಳ್ಳು ಬರಿಬ್ಯಾಡ್ರಿ. ಖರೇ ಮಾಡಿ ಬರೀರಿ."

ಪಂಚಶೀಲಾ ತಲೆಯೆತ್ತಿದಳು. ಇಷ್ಟು ದಿನ ಹಿಡಿಯಲು ಹೋದಾಗೆಲ್ಲ ಅಡಗಿಕೊಳ್ಳುತ್ತಿದ್ದದ್ದು ಈಗ ಅವನ ಕಣ್ಣಿನ ಮೂಲೆಯಲ್ಲಿ ಅಡಗದೆ ನಿಂತಿತ್ತು. ಅದು ನಗು ಎಂದುಕೊಂಡಿದ್ದಳು. ಅದರಲ್ಲಿ ಅರ್ಧ ಹೆದರಿಕೆ ಇತ್ತು.

"ಇದನ್ನ ಹೇಳಾಕ ಕೋರ್ಸ್ ಬಂದ್ ಆಗೂ ಹೊತ್ತು ಬರಬೇಕಿತ್ತೇನ್ರಿ ನಿಮಗ?" ಅಂದಳು. ದನಿಯಲ್ಲಿದ್ದದ್ದು ಸಿಟ್ಟೋ ಅಳುವೋ ಅವಳಿಗೇ ತಿಳಿಯಲಿಲ್ಲ. "ಸುರಪುರ ದೂರೇನಲ್ಲ ಅಂದ್ರಿ. ಬಸ್ ಸಿಗ್ತದ ಅಂದ್ರಿ."

"ನಾ ಬರಾಕ ದೂರೇನಲ್ಲ ಅನ್ನೂದಿತ್ರಿ. ಅರ್ಧ ಮಾತು ಒಳಗೇ ಉಳೀತು."

"ಉಳಿಸ್ಕೊಂಡು ಏನ್ ಮಾಡ್ತಿದ್ರಿ ಅದನ್ನ?"

"ದನಿ ಕೇಳ್ರಿ ಅಂತ ನೀವು ಹುಡುಗ್ರಿಗೆ ಕಲಿಸಿದ್ರಿ. ನನಗ ಯಾರು ಕಲಿಸ್ಯಾರ? ನಾ ಮಾತಷ್ಟೇ ಕೇಳ್ದೆ. ದಿನಾ ಬೈತಿದ್ರಿ. ಬೈಯಾಕಿ ನನ್ನ ಒಲ್ಲೆ ಅಂತಾಳ ಅಂತ ತಿಳ್ಕೊಂಡೆ. ಆ ಏಳನೇದ್ದು ಆದ ಮ್ಯಾಲೆ ಸಂಶಯ ಬಂತು. ಮನ್ಯಾಗ ದಿನಾ ಹಚ್ಚಿ ಕೇಳಾಕತ್ತೆ. ನಮ್ಮವ್ವ ಒಳಗಿಂದ ಬಂದು ಯಾರೋ ಆಕಿ ಅಂದ್ಳು. ಕಾಲೇಜಿನಾಕಿ ಅಂದೆ. ಕಾಲೇಜಿನಾಕಿ ನಿನಗ ಯಾಕ ರೀ ಅಂತಾಳ ಅಂದ್ಳು."

"ನೀವೇನಂದ್ರಿ?"

"ಇಂಗ್ಲಿಷ್ ಅವ್ವಾ ಅದು, ಅಂದೆ."

ಪಂಚಶೀಲಾಗೆ ನಗು ಬಂದುಬಿಟ್ಟಿತು. ಅಳುವಿನ ದಾರಿಯಲ್ಲೇ ಬಂತು, ಕಣ್ಣು ಒದ್ದೆ ಮಾಡಿಕೊಂಡೇ ಬಂತು.

"ನಗಬ್ಯಾಡ್ರಿ. ಒಂದಕ್ಷರ ಇಂಗ್ಲಿಷ್ ಬರಂಗಿಲ್ಲ ಆಕಿಗೆ. 'ಇಂಗ್ಲಿಷ್ ಅಲ್ಲ ಅದು, ನನಗ ತಿಳೀತದ' ಅಂದ್ಳು. ಕೌದಿ ನೀ ವಾಪಸ್ ತರಬ್ಯಾಡ, ಆಕೀನೇ ತಗೊಂಡು ಬರ್ಲಿ ಅಂದಾಳ." ಅವನು ಒಂದು ಕಪ್ಪನ್ನು ಅವಳ ಕಡೆ ಸರಿಸಿದ. "ನಿಮಗ ಒಪ್ಪಿಗಿ ಇಲ್ಲಾಂದ್ರ ಗ್ರೇಸ್ ಮಾರ್ಕ್ ಕೇಳೂಣು. ರೆಕಾರ್ಡಿಂಗ್ ಕೆಟ್ಟಿತ್ತು ಅಂತ ಬರ್ದು ಕೊಡ್ತೀನಿ, ತಪ್ಪು ನನ್ನ ಮ್ಯಾಲೆ ಇರ್ಲಿ."

"ರೆಕಾರ್ಡಿಂಗ್ ಕೆಟ್ಟಿಲ್ಲ," ಅಂದಳು ಪಂಚಶೀಲಾ. "ಅದಕ್ಕಿಂತ ಛಲೋ ಬರಂಗಿಲ್ಲ ಅಂತ ನೀವೇ ಅಂದೀರಿ."

ಅವಳು ಎದ್ದು, ಒಂದು ಚೀಟಿ ಬರೆದುಕೊಂಡು ನೇರ ಪ್ರಿನ್ಸಿಪಾಲರ ಕೋಣೆಗೆ ನಡೆದಳು. ಬುದ್ಧಪ್ರಿಯ ಹಿಂದೆಯೇ ಬಂದು ಬಾಗಿಲಲ್ಲಿ ನಿಂತ. ಖಂಡಪ್ಪನವರು ಚೀಟಿ ಓದಿದರು. ಏಳನೆಯ ಸಂಭಾಷಣೆಯ ಕೊನೆಯ ಪ್ರಶ್ನೆಯ ಕೀ ಉತ್ತರವನ್ನು ಬದಲಿಸಲಾಗಿದೆ, ಗಂಡ ಹೆಂಡತಿ ಎಂಬುದು ಸರಿಯಾದ ಉತ್ತರ ಎಂದು ಅದರಲ್ಲಿತ್ತು. ಅವರು ಹಿಂದೊಮ್ಮೆ ಆಡಿಯೊ ಕೇಳಿ ಒಪ್ಪಿದವರೇ.

"ಕೀ ಮೊದಲೇ ತಪ್ಪಿತ್ತೇನ್ರಿ ಮೇಡಂ?"

"ಇಲ್ರಿ ಸರ್. ಆವಾಗ ಬರೋಬ್ಬರಿ ಇತ್ತು. ಈಗ ತಪ್ಪಾಗ್ಯದ."

ಆವಾಗಲೂ ತಪ್ಪೇ ಇತ್ತು ಎಂದು ಅವಳ ಮನಸ್ಸು ಹೇಳಿತು. ಅದನ್ನು ಪ್ರಿನ್ಸಿಪಾಲರಿಗೆ ಹೇಳುವ ಅಗತ್ಯವಿರಲಿಲ್ಲ.

ಖಂಡಪ್ಪನವರು ಕನ್ನಡಕದ ಮೇಲಿಂದ ಅವಳನ್ನು ನೋಡಿದರು. ಆಮೇಲೆ ಬಾಗಿಲಲ್ಲಿ ನಿಂತು ಅಂಗಿಯ ಗುಂಡಿ ತಿರುವುತ್ತಿದ್ದ ಕನ್ನಡ ಉಪನ್ಯಾಸಕನನ್ನು ನೋಡಿದರು. ಮತ್ತೆ ಚೀಟಿ ನೋಡಿದರು. "ಹುಡುಗ್ರು ಬರೋಬ್ಬರಿ ಕೇಳ್ಯಾರ ಅಂತಾತು. ಕೋರ್ಸ್ ನಡೀಲಿ ಹಂಗಾದ್ರ," ಎಂದು ಸಹಿ ಹಾಕಿದರು.

ಲ್ಯಾಬಿಗೆ ಮರಳಿದಾಗ ಬಿಸಿಲು ಇಳಿದಿತ್ತು. ಪಂಚಶೀಲಾ ಕುರ್ಚಿ ಹತ್ತಿ ಕಿಟಕಿಯ ಕೌದಿ ಬಿಚ್ಚಿದಳು. ಬಿಚ್ಚಿದ ಕೂಡಲೆ ಊರಿನ ಸದ್ದೆಲ್ಲ ಒಳಗೆ ಬಂತು, ಬಸ್ಸು, ಆಟೊ, ದೂರದಲ್ಲಿ ಉಳ್ಳಾಗಡ್ಡಿಯವನು.

"ಅವ್ವಗ ಫೋನ್ ಮಾಡಬೇಕು," ಅಂದಳು. "ಐತವಾರ ಅವ್ರು ಬರೂದು ಬ್ಯಾಡ ಅಂತ. ನೀವು ಬರ್ರಿ, ನಿಮ್ಮವ್ವನ ಕರ್ಕೊಂಡು. ಹುಡುಗನ ಹೆಸರೇನು ಅಂತ ಮೊದಲು ಕೇಳ್ತಾಳ ಆಕಿ."

"ಹೇಳ್ರಿ."

ಪಂಚಶೀಲಾ ಬಾಯಿ ತೆರೆದಳು. ಕೆಮ್ಮು ಬಂತು. ಆಧಾರ್ ಕೇಂದ್ರದಲ್ಲಿ ಬಾಯಿಗೆ ಸೆರಗು ಹಿಡಿದ ಅವ್ವ ಕಣ್ಣ ಮುಂದೆ ಬಂದು ನಿಂತಳು.

"ಅದನ್ನ ನೀವೇ ಬಂದು ಹೇಳ್ರಿ," ಅಂದಳು ಸಿಡುಕಿನಿಂದ.

ಕೌದಿ ದೊಡ್ಡದು, ಭಾರ. ಒಬ್ಬರೇ ಮಡಚಲು ಆಗುವಂಥದ್ದಲ್ಲ. ಅವಳು ಎರಡು ಮೂಲೆ ಹಿಡಿದು ನಿಂತಳು. ಉಳಿದೆರಡು ನೆಲದ ಮೇಲಿದ್ದವು. ಬುದ್ಧಪ್ರಿಯ ಮೇಜಿನ ಹತ್ತಿರ ನಿಂತು, ಆರಿ ತಣ್ಣಗಾದ ಎರಡೂ ಕಪ್ಪುಗಳನ್ನು ನೋಡುತ್ತಿದ್ದ.

"ರೀ," ಅಂದಳು ಪಂಚಶೀಲಾ. ಈ ಸಲ ಬೇಕೆಂದೇ ಅಂದಳು. "ಗಿವ್ ಮಿ ಎ ಹ್ಯಾಂಡ್."

"ಕೊಡಂಗಿಲ್ರಿ," ಅಂದ ಬುದ್ಧಪ್ರಿಯ. "ಹಿಡೀತೀನಿ."

ಅವನು ಬಗ್ಗಿ ಉಳಿದೆರಡು ಮೂಲೆ ಎತ್ತಿಕೊಂಡು ಅವಳ ಕಡೆ ನಡೆದು ಬಂದ. ಕೌದಿ ಅರ್ಧಕ್ಕೆ ಮಡಚಿತು. ಮೂಲೆಗಳನ್ನು ಅವಳ ಕೈಗೆ ಕೊಡಬೇಕಾದವನು ಕೊಡದೆ ಹಾಗೆಯೇ ಹಿಡಿದುಕೊಂಡು ನಿಂತ, ಅವಳೂ ಬಿಡ್ರಿ ಅನ್ನಲಿಲ್ಲ.